ಲೈಸೆನ್ಸ್ ಕೌಂಟರ್ ಹಿಂದೆ ಪೊಲೀಸ್ ಠಾಣೆ

ತುಮಕೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ, ಡ್ರೈವಿಂಗ್ ಲೈಸೆನ್ಸ್ ನವೀಕರಣವೇ ಜಾಸ್ತಿ. ಅದಕ್ಕೇ ನ್ಯೂಯಾರ್ಕ್‌ನ ಆ ಪ್ರಕರಣ ನನ್ನ ತಲೆಯಿಂದ ಹೋಗುತ್ತಿಲ್ಲ.

ಮ್ಯಾನ್‌ಹಟನ್‌ನ ಚೈನಾಟೌನ್‌ನಲ್ಲಿ ಚೀನಾದ ಫುಝೌ ನಗರದ ಪೊಲೀಸರಿಗಾಗಿ ಗುಟ್ಟಾಗಿ ಠಾಣೆ ನಡೆಸಿದ ಆರೋಪದ ಮೇಲೆ 2023ರ ಏಪ್ರಿಲ್‌ನಲ್ಲಿ ಇಬ್ಬರ ಬಂಧನವಾಯಿತು. ಒಬ್ಬ 2024ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡ. ಅಲ್ಲಿ ಚೀನಾದವರ ಲೈಸೆನ್ಸ್ ನವೀಕರಣ ನಿಜವಾಗಿಯೂ ಆಗುತ್ತಿತ್ತು. ಅದರ ಜೊತೆಗೇ, ಕ್ಯಾಲಿಫೋರ್ನಿಯಾದಲ್ಲಿದ್ದ ಪ್ರಜಾಪ್ರಭುತ್ವ ಹೋರಾಟಗಾರರೊಬ್ಬರನ್ನು ಹುಡುಕಿಕೊಡಿ ಎಂದು ಚೀನಾದ ಅಧಿಕಾರಿ ಕೇಳಿದ್ದರು ಅನ್ನುತ್ತದೆ ಅಮೆರಿಕ. ಇಂಥವು ಸುಮ್ನೆ ಸ್ವಯಂಸೇವಕರ ಸೇವಾ ಕೇಂದ್ರಗಳು ಅಂತ ಚೀನಾದ ವಾದ. ಆದರೆ ಡಬ್ಲಿನ್‌ನಲ್ಲಿದ್ದ ಇಂಥದ್ದೇ ಚೀನೀ ಕೇಂದ್ರವನ್ನು ಮುಚ್ಚಿ ಎಂದು ಐರ್ಲೆಂಡ್ 2022ರಲ್ಲೇ ಹೇಳಿತ್ತು.

ಒಂದು ಅರ್ಜಿಯಲ್ಲಿ ಏನೆಲ್ಲ ಇರುತ್ತದೆ ನೋಡಿ. ಫೋಟೋ, ಸಹಿ, ಫೋನ್ ನಂಬರ್, ಮನೆ ವಿಳಾಸ. ನಂಬಿಕೊಂಡು ಕೊಡುತ್ತಾರೆ. ಮೊನ್ನೆ ಶಿರಾ ಕಡೆಯ ಅಜ್ಜಿಯೊಬ್ಬರು, ನಾನು ಕೇಳದಿದ್ದರೂ, ಕೆನಡಾದಲ್ಲಿರುವ ಮಗನ ವಿಳಾಸದ ಚೀಟಿ ಮುಂದಿಟ್ಟರು. "ಇದು ಬೇಡಮ್ಮ, ಒಳಗಿಟ್ಟುಕೊಳ್ಳಿ" ಅಂದೆ.

ದೂರದಲ್ಲಿರುವವನನ್ನು ಮಣಿಸಲು ಊರಲ್ಲಿರುವ ಅಪ್ಪ-ಅಮ್ಮನನ್ನು ಹೆದರಿಸಿದರೆ ಸಾಕು. ವಿದೇಶಕ್ಕೆ ಹೋದ ಆರೋಪಿಗಳನ್ನು ವಾಪಸ್ ಕರೆತರಲು 2014ರಲ್ಲಿ ಶುರುವಾದ ಚೀನಾದ 'ಫಾಕ್ಸ್ ಹಂಟ್' ಕಾರ್ಯಾಚರಣೆಯ ಮೇಲೂ ಇದೇ ದೂರು: ವಾಪಸ್ ಬರುವಂತೆ ಮನೆಯವರ ಮೂಲಕ ಒತ್ತಡ. ನನಗೆ ಸಿಟ್ಟು ಬರುವುದು ಇಲ್ಲೇ. ತಪ್ಪು ಮಾಡಿದ್ದರೆ ಅವನಿರುವ ದೇಶದ ಕೋರ್ಟಿಗೆ ಹೋಗಿ ಕೇಳಲಿ. ಮುದುಕರ ಮನೆ ಬಾಗಿಲು ಯಾಕೆ ತಟ್ಟಬೇಕು?