ನವಸಾಗರದ ಹೊಗೆ

ಇವತ್ತು ಬೀದಿಗೆ ಕಲಾಯಿಯವರು ಬಂದಿದ್ದರು. ಅಮ್ಮನ ಹಿತ್ತಾಳೆ ಪಾತ್ರೆ ಕೊಟ್ಟು ಅಲ್ಲೇ ನಿಂತೆ.

ಕಾದ ಪಾತ್ರೆಗೆ ಒಂದು ಚಿಟಿಕೆ ನವಸಾಗರ (ಅಮೋನಿಯಂ ಕ್ಲೋರೈಡ್ ಅನ್ನೋ ಉಪ್ಪು) ಹಾಕಿದರು. ಬುಸ್ ಅಂತ ಬಿಳಿ ಹೊಗೆ, ಮೂಗಿಗೆ ಘಾಟು.

ಈ ಹೊಗೆಯ ಹಿಂದೆ ಎಂಥ ಕಥೆ ಇದೆ ಗೊತ್ತಾ? ಲೆಕ್ಕದ ಪ್ರಕಾರ ನವಸಾಗರದ ಆವಿ ಹೈಡ್ರೋಜನ್‌ಗಿಂತ ಸುಮಾರು 26.7 ಪಟ್ಟು ಭಾರ ಇರಬೇಕು. ಕಾಯಿಸಿ ತೂಗಿದರೆ ಹತ್ತಿರ ಹತ್ತಿರ ಅರ್ಧ! 19ನೇ ಶತಮಾನದ ರಸಾಯನಶಾಸ್ತ್ರಜ್ಞರು ಇದಕ್ಕೆ ತಲೆ ಕೆಡಿಸಿಕೊಂಡಿದ್ದರು. ಅಣುಗಳ ಲೆಕ್ಕವೇ ತಪ್ಪಾ ಅಂತ ಅನುಮಾನ.

ತಪ್ಪಿರಲಿಲ್ಲ. ಬಿಸಿಗೆ ಒಂದು ಅಣು ಒಡೆದು ಎರಡಾಗುತ್ತದೆ: ಅಮೋನಿಯಾ, ಹೈಡ್ರೋಜನ್ ಕ್ಲೋರೈಡ್. ತೂಕ ಅಷ್ಟೇ, ಹಿಡಿಯುವ ಜಾಗ ಎರಡರಷ್ಟು. 1862ರಲ್ಲಿ ಪೆಬಲ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ತೋರಿಸಿಯೇಬಿಟ್ಟ. ಕಲ್ನಾರಿನ ಬಿರಡೆಯೊಳಗಿಂದ ಹಗುರಾದ ಅಮೋನಿಯಾ ಬೇಗ ನುಸುಳಿತು. ಲಿಟ್ಮಸ್ ಕಾಗದ ಅಮೋನಿಯಾ ನುಸುಳಿದ ಕಡೆ ನೀಲಿ, ಹೈಡ್ರೋಜನ್ ಕ್ಲೋರೈಡ್ ಉಳಿದ ಕಡೆ ಕೆಂಪು. ಎಷ್ಟು ಚಂದದ ಸಾಕ್ಷಿ ಅಲ್ವಾ?

ತಣ್ಣಗಾದರೆ ಎರಡೂ ಮತ್ತೆ ಒಂದಾಗುತ್ತವೆ. ನಾನು ನೋಡಿದ ಬಿಳಿ ಹೊಗೆ ಅದೇ.

ಅಷ್ಟರಲ್ಲಿ ಅವರು ತವರ ಸವರಿ, ಹತ್ತಿಯಲ್ಲಿ ಒರೆಸಿ, ಪಾತ್ರೆಯನ್ನು ನೀರಿಗೆ ಅದ್ದಿದರು. ಚುಂಯ್!