ವಿಲ್ಲರ್ಡ್ ಸ್ಟ್ರೇಟ್ ಚಿತ್ರಪುಸ್ತಿಕೆ: ಐದನೇ ಪುಟಕ್ಕೆ ಬಂದಾಯ್ತು

ಎ3 ಹಾಳೆ ಮಡಚಿ ಮಾಡುವ ಎಂಟು ಪುಟದ ಪುಸ್ತಿಕೆಯಲ್ಲಿ ನಾಲ್ಕು ಪುಟಕ್ಕೆ ಶಾಯಿ ಬಿದ್ದಿದೆ. ವಿಷಯ ಹಳೆಯದೇ: 1969ರ ಏಪ್ರಿಲ್‌ನಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಅಲ್ಲಿನ ವಿದ್ಯಾರ್ಥಿ ಭವನವಾದ ವಿಲ್ಲರ್ಡ್ ಸ್ಟ್ರೇಟ್ ಹಾಲನ್ನು ವಶಕ್ಕೆ ತೆಗೆದುಕೊಂಡದ್ದು.

ಇದನ್ನು ಹುಡುಕಿದರೆ ಮೊದಲು ಸಿಗುವುದು ಸ್ಟೀವ್ ಸ್ಟಾರ್ ತೆಗೆದ ಫೋಟೊ. ಬಂದೂಕು ಹಿಡಿದು, ಮೈಗೆ ತೋಟಾಪಟ್ಟಿ ಬಿಗಿದು ಹೊರಬರುತ್ತಿರುವ ಹುಡುಗರು. 1970ರಲ್ಲಿ ಅದಕ್ಕೆ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. ಮುಖಪುಟಕ್ಕೆ ಅದನ್ನೇ ಬರಿ ಅಂತ ಗೆಳೆಯರ ಒತ್ತಾಯ. ನಾನು ಒಪ್ಪಲಿಲ್ಲ. ಅದು 20ರ ಭಾನುವಾರ ಕಟ್ಟಡ ಬಿಟ್ಟು ಬರುವಾಗಿನ ಚಿತ್ರ. ಅದನ್ನೇ ಮುಂದಿಟ್ಟರೆ ಓದುವವರಿಗೆ ಕತೆ ಬಂದೂಕಿನಿಂದಲೇ ಶುರುವಾಗಿಬಿಡುತ್ತದೆ.

ಹಾಗಾಗಿ ಮುಖಪುಟದಲ್ಲಿ ವಾರಿ ಹೌಸ್. ಕಪ್ಪು ವಿದ್ಯಾರ್ಥಿನಿಯರು ಇದ್ದ ಆ ಮನೆಯೆದುರು 18ರ ನಸುಕಿನಲ್ಲಿ ಯಾರೋ ಶಿಲುಬೆ ಸುಟ್ಟಿದ್ದರು; ಅಮೆರಿಕದಲ್ಲಿ ಅದು ಕಪ್ಪು ಜನರನ್ನು ಬೆದರಿಸುವ ಹಳೆಯ ರೀತಿ. ಎರಡನೇ ಪುಟದಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಹೆಚ್ಚು ಸೇರಿಸಿಕೊಳ್ಳಲು ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಪರ್ಕಿನ್ಸ್ 1963ರಲ್ಲಿ ಶುರುಮಾಡಿದ ಪ್ರವೇಶ ಯೋಜನೆ, ಮೂರರಲ್ಲಿ ಹಿಂದಿನ ಡಿಸೆಂಬರ್‌ನಲ್ಲಿ ಪ್ರತಿಭಟಿಸಿದ ಕಪ್ಪು ವಿದ್ಯಾರ್ಥಿಗಳ ಮೇಲೆ ಕೈಗೊಂಡ ಶಿಸ್ತುಕ್ರಮ. ಇವೆರಡನ್ನೂ ಬೇಗ ಮುಗಿಸಿದೆ.

ನಾಲ್ಕು ಮತ್ತು ಐದು ಎದುರುಬದುರು ಬರುವ ಪುಟಗಳು, ಪುಸ್ತಿಕೆಯ ಜೀವ ಇರುವುದೇ ಅಲ್ಲಿ. ಎಡಕ್ಕೆ 19ರ ಶನಿವಾರ ಬೆಳಗಿನ ಜಾವ, ವಿದ್ಯಾರ್ಥಿಗಳು ಕಟ್ಟಡವನ್ನು ವಶಕ್ಕೆ ತೆಗೆದುಕೊಂಡ ಹೊತ್ತು. ಅದು ಪೋಷಕರು ಭೇಟಿಗೆ ಬರುವ ವಾರಾಂತ್ಯ. ಕಟ್ಟಡದಲ್ಲೇ ತಂಗಿದ್ದ ಅಪ್ಪ ಅಮ್ಮಂದಿರನ್ನು ಎಬ್ಬಿಸಿ ಹೊರಗೆ ಕಳಿಸುತ್ತಿದ್ದಾರೆ. ಈ ಪುಟದಲ್ಲಿ ಬಂದೂಕಿಲ್ಲ, ಯಾಕೆಂದರೆ ಆಗ ಇರಲಿಲ್ಲ. ಬಲಕ್ಕೆ, ಡೆಲ್ಟಾ ಅಪ್ಸಿಲಾನ್ ಎಂಬ ಬಿಳಿಯ ಹುಡುಗರ ಸಂಘದ ಕೆಲವರು ಒಳನುಗ್ಗಿ ಹೊಡೆದಾಟವಾದದ್ದು, ಇನ್ನಷ್ಟು ಜನ ಶಸ್ತ್ರ ಹಿಡಿದು ಬರುತ್ತಿದ್ದಾರೆಂಬ ವದಂತಿ, ಆಮೇಲೆ ಆತ್ಮರಕ್ಷಣೆಗೆಂದು ಒಳಗೆ ಬಂದ ಬಂದೂಕುಗಳು. ಪೆನ್ಸಿಲ್ ಗೆರೆ ಆಗಿದೆ, ಶಾಯಿ ಬಾಕಿ. ವದಂತಿಯನ್ನು ಮಾತಿನ ಗುಳ್ಳೆ ಹಾಕದೆ ತೋರಿಸಲು ಒದ್ದಾಡುತ್ತಿದ್ದೇನೆ. ಬಹುಶಃ ಬರೀ ಫೋನ್ ತಂತಿಗಳನ್ನೇ ಪುಟದ ಅಂಚಿನವರೆಗೆ ಎಳೆಯುತ್ತೇನೆ.

ಆರನೇ ಪುಟದಲ್ಲಿ ಆ ಪ್ರಸಿದ್ಧ ಕ್ಷಣ ಬರುತ್ತದೆ, ಆದರೆ ಹಿಂದಿನಿಂದ: ಬಾಗಿಲಲ್ಲಿ ನಿಂತವರಿಗೆ ಕಂಡಿರಬಹುದಾದ ಕ್ಯಾಮೆರಾಗಳು, ಜನ. ಏಳರಲ್ಲಿ ಬಾರ್ಟನ್ ಹಾಲ್‌ನಲ್ಲಿ ಸೇರಿದ ಸಾವಿರಾರು ವಿದ್ಯಾರ್ಥಿಗಳು. ಶಿಸ್ತುಕ್ರಮ ರದ್ದು ಮಾಡಲು 21ರಂದು ಒಪ್ಪದ ಅಧ್ಯಾಪಕರು 23ರಂದು ಒಪ್ಪಿದ್ದು. ಗುಂಪು ಬಿಡಿಸುವುದೆಂದರೆ ನನಗೆ ಮೊದಲಿನಿಂದಲೂ ಬೇಜಾರು, ಅದನ್ನು ಮುಂದೂಡುತ್ತಲೇ ಇದ್ದೇನೆ.

ಎಂಟರಲ್ಲಿ ಅದೇ ವರ್ಷ ಜೇಮ್ಸ್ ಟರ್ನರ್ ನೇತೃತ್ವದಲ್ಲಿ ಆರಂಭವಾದ ಆಫ್ರಿಕಾನಾ (ಆಫ್ರಿಕಾ ಮತ್ತು ಆಫ್ರಿಕಾ ಮೂಲದ ಜನರ) ಅಧ್ಯಯನ ಕೇಂದ್ರ, 1970ರ ಏಪ್ರಿಲ್ 1ರಂದು ಅದರ ಕಟ್ಟಡಕ್ಕೆ ಬಿದ್ದ ಬೆಂಕಿ. ಮುಖಪುಟದಲ್ಲೂ ಬೆಂಕಿ ಇರುವುದರಿಂದ ಕೆಂಪು ಶಾಯಿಯನ್ನು ಈ ಎರಡು ಕಡೆ ಮಾತ್ರ ಬಳಸಬೇಕು ಅಂದುಕೊಂಡಿದ್ದೇನೆ. ಮುದ್ರಣದವರು ಎರಡು ಬಣ್ಣಕ್ಕೆ ಎಷ್ಟು ಕೇಳುತ್ತಾರೋ, ಅದರ ಮೇಲೆ ನಿಂತಿದೆ.