ಒಗರನ್ನು ಬಲ್ಲ ನಾಲಿಗೆಗೆ ವೈನ್ ಹೊಸದಲ್ಲ

"ಈ ಭಾನುವಾರ ನಂದಿ ಬೆಟ್ಟದ ಕಡೆಯ ವೈನರಿಯೊಂದಕ್ಕೆ ಹೋಗುತ್ತಿದ್ದೇವೆ. ವೈನ್ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ರುಚಿ ನೋಡುವಾಗ ಏನು ಮಾಡಬೇಕು, ಏನು ಹೇಳಬೇಕು?" ಸ್ನೇಹಿತರು, ಸಹೋದ್ಯೋಗಿಗಳು, ಹೊರದೇಶದಿಂದ ರಜೆಗೆ ಬಂದ ನೆಂಟರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಅಳುಕೇ ಹೆಚ್ಚಾಗಿರುತ್ತದೆ. ಅಲ್ಲಿ ಯಾರೋ ಪರೀಕ್ಷೆ ಮಾಡುತ್ತಾರೆ, ತಪ್ಪು ಹೇಳಿದರೆ ನಗುತ್ತಾರೆ ಎಂಬ ಅಳುಕು ಅದು. ನನ್ನ ಉತ್ತರ ಪ್ರತಿ ಸಲವೂ ಒಂದೇ: ನಿಮಗೆ ತಿಳಿಯದಿರುವುದು ಕೆಲವು ವಿದೇಶಿ ಹಣ್ಣುಗಳ ಹೆಸರು ಮಾತ್ರ. ರುಚಿ ನಿಮಗೆ ಗೊತ್ತಿದೆ, ಅದನ್ನು ಹೇಳುವ ಮಾತೂ ಕನ್ನಡದಲ್ಲಿ ಇದೆ.

ಮೊದಲ ಗುಟುಕಿಗೇ ಹೆಚ್ಚಿನವರಿಗೆ ಆಗುವ ನಿರಾಸೆಯಿಂದಲೇ ಶುರು ಮಾಡುತ್ತೇನೆ. "ಇದೇನು, ಸಿಹಿಯೇ ಇಲ್ಲವಲ್ಲ?" ಎನ್ನುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ನೆರೆಮನೆಯವರು ಸಕ್ಕರೆ, ಲವಂಗ ಹಾಕಿ ಮಾಡಿ ಕೊಟ್ಟ ವೈನನ್ನೋ, ಪೋರ್ಟ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಸಿಹಿ ವೈನನ್ನೋ ಕುಡಿದು ಬೆಳೆದ ನಾಲಿಗೆ ಅದನ್ನೇ ನಿರೀಕ್ಷಿಸುತ್ತದೆ. ಇವುಗಳಲ್ಲಿ ಬಹುಪಾಲಿಗೆ ಬಳಸುವುದು ಬೆಂಗಳೂರು ಬ್ಲೂ ದ್ರಾಕ್ಷಿಯನ್ನು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳಲ್ಲಿ ಬೆಳೆಯುವ, ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿರುವ ಈ ಹಣ್ಣಿನ ಘಮ ಎಷ್ಟು ಗಾಢವೆಂದರೆ ಕೋಣೆಯಲ್ಲಿ ಒಂದು ಗೊಂಚಲಿದ್ದರೂ ಗೊತ್ತಾಗುತ್ತದೆ. ತಿನ್ನುವುದಕ್ಕೂ ರಸ ಮಾಡುವುದಕ್ಕೂ ಅದು ಬಹಳ ಚೆನ್ನ. ಆದರೆ ವೈನರಿಯಲ್ಲಿ ನಿಮ್ಮ ಮುಂದೆ ಇಡುವ ವೈನ್ ಸಾಮಾನ್ಯವಾಗಿ ಶಿರಾಜ್, ಕ್ಯಾಬರ್ನೆ ಸೋವಿನ್ಯಾಂ, ಸೋವಿನ್ಯಾಂ ಬ್ಲಾಂ ಮೊದಲಾದ ಯುರೋಪಿನ ತಳಿಗಳದ್ದು. ಉದ್ಯಮಿ ಕನ್ವಲ್ ಗ್ರೋವರ್ ಅವರು 1980ರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ಬಳಿ ಇಂಥ ಫ್ರೆಂಚ್ ತಳಿಗಳನ್ನು ನೆಡಿಸಿದ ಮೇಲೆ ಈ ಸೀಮೆಯ ವೈನಿನ ಕಥೆಯೇ ಬೇರೆಯಾಯಿತು.

ಈ ಹಣ್ಣುಗಳಲ್ಲಿ ಸಿಹಿ ಕಡಿಮೆ ಎಂದು ಭಾವಿಸಬೇಡಿ. ತಿನ್ನುವ ದ್ರಾಕ್ಷಿಗಿಂತ ಅವು ಸಿಹಿಯಾಗಿಯೇ ಇರುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವಾಗಿಸುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ 1ರಷ್ಟು ಮದ್ಯಸಾರ ಹುಟ್ಟುತ್ತದೆ ಎಂಬ ಲೆಕ್ಕವಿದೆ. ಶೇ 13ರ ವೈನೆಂದರೆ ಲೀಟರಿಗೆ ಇನ್ನೂರು ಗ್ರಾಂಗೂ ಹೆಚ್ಚು ಸಕ್ಕರೆ ಹೀಗೆ ಕರಗಿಹೋಗಿದೆ ಎಂದರ್ಥ. ಸಿಹಿ ಸರಿದ ಜಾಗದಲ್ಲಿ ಉಳಿಯುವುದು ಹುಳಿ, ಒಗರು ಮತ್ತು ಕಂಪು. ವೈನ್ ಸವಿಯುವುದೆಂದರೆ ಈ ಮೂರನ್ನು ಗಮನಿಸುವುದು.

ಒಗರಿನ ವಿಷಯದಲ್ಲಿ ನನಗೆ ವಿಶೇಷ ಅಭಿಮಾನವಿದೆ. ಕೆಂಪು ವೈನಿನ ಟ್ಯಾನಿನ್ ಎಂದರೇನು ಎಂದು ಬೇರೆ ಭಾಷೆಗಳಲ್ಲಿ ಪುಟಗಟ್ಟಲೆ ವಿವರಿಸುವುದನ್ನು ನೋಡಿದ್ದೇನೆ. ನಮ್ಮಲ್ಲಿ ಅದು ಷಡ್ರಸಗಳಲ್ಲಿ ಒಂದು, ಮಕ್ಕಳಿಗೂ ಗೊತ್ತಿರುವ ಮಾತು. ಬಾಳೆಕಾಯಿ ಕಚ್ಚಿದರೆ, ನೆಲ್ಲಿಕಾಯಿ ತಿಂದರೆ, ಎಳೆ ಅಡಿಕೆ ಅಗಿದರೆ ನಾಲಿಗೆ ಒರಟಾಗಿ ಕೆನ್ನೆಯ ಒಳಬದಿ ಒಣಗಿದಂತಾಗುತ್ತದಲ್ಲ, ಅದೇ ಇದು. ಟ್ಯಾನಿನ್ನು ನಮ್ಮ ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುವ ಗುಣವನ್ನು ಕಿತ್ತುಕೊಳ್ಳುತ್ತದೆ, ಆದ್ದರಿಂದಲೇ ಬಾಯಿ ಒಣಗಿದಂತೆ ಅನಿಸುವುದು. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವರಿಗೆ ಚೊಗರು ಗೊತ್ತಿರುತ್ತದೆ. ಬೇಯುವ ಅಡಿಕೆಯಿಂದ ಒಗರೂ ಬಣ್ಣವೂ ನೀರಿಗಿಳಿದು, ಕಡುಗೆಂಪಾಗಿ ಮಂದವಾಗುವ ದ್ರವವದು. ಕೆಂಪು ವೈನಿನಲ್ಲೂ ಹೀಗೆಯೇ ಬಣ್ಣ ಮತ್ತು ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ರಸಕ್ಕಿಳಿಯುತ್ತವೆ. ಅಲ್ಲಿ ಬೆಂಕಿಯ ಶಾಖ, ಇಲ್ಲಿ ಹುದುಗುವ ರಸದ ಶಾಖ ಮತ್ತು ಅದರಲ್ಲಿ ಹುಟ್ಟುವ ಮದ್ಯಸಾರ, ವ್ಯತ್ಯಾಸ ಇಷ್ಟೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೋಗಿ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಕೊಯ್ಲು ಸೆಪ್ಟೆಂಬರ್ ಸುಮಾರಿಗೆ ಬರುತ್ತದೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಬಳ್ಳಿಗೆ ಅಂಥ ನಿದ್ದೆಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿಗಳನ್ನು ಸವರುತ್ತಾರೆ. ಬೇಸಿಗೆಯಲ್ಲಿ ಮಾಡುವುದು ಕಡ್ಡಿ ಬಲಿಯಲಿ ಎಂದು, ಮಳೆಗಾಲ ಮುಗಿಯುವ ಹೊತ್ತಿಗೆ ಮಾಡುವುದು ಹಣ್ಣಿಗಾಗಿ. ಅದರ ಫಲ ಚಳಿ ಮುಗಿದು ಬಿಸಿಲೇರುವಾಗ ಕೈಗೆ ಬರುತ್ತದೆ. ತೋಟ ತೋರಿಸುವವರನ್ನು ಕೇಳಿ ಒಂದು ಶಿರಾಜ್ ಹಣ್ಣು ಕಿತ್ತುಕೊಳ್ಳಿ. ನೇರಳೆಗಿಂತ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಎರಡು ಬೆರಳ ನಡುವೆ ಹಿಚುಕಿದರೆ ಹೊರಬರುವ ರಸಕ್ಕೆ ಬಣ್ಣವೇ ಇರುವುದಿಲ್ಲ! ಬೆರಳಿಗೆ ಹತ್ತುವ ನೇರಳೆ ಬಣ್ಣವೆಲ್ಲ ಸಿಪ್ಪೆಯದ್ದು. ಆ ಸಿಪ್ಪೆಯನ್ನು ಅಗಿದು, ಬಳಿಕ ಬೀಜವನ್ನು ಕಚ್ಚಿ ನೋಡಿ. ಕಂದು ತಿರುಗಿದ ಬೀಜ ಕಡಲೆಯಂತೆ ಕಟಕ್ಕೆಂದು ಒಡೆಯುತ್ತದೆ, ಹಸಿರಾಗಿದ್ದರೆ ಒಗರು ಬಾಯಿ ಕಟ್ಟುತ್ತದೆ. ಹಣ್ಣು ಕೊಯ್ಲಿಗೆ ಬಂದಿದೆಯೇ ಎಂದು ತಿಳಿಯಲು ವೈನ್ ಮಾಡುವವರೂ ಹೀಗೆ ಬೀಜ ಕಚ್ಚಿ ನೋಡುತ್ತಾರೆ. ಇಷ್ಟು ಮಾಡಿದವರಿಗೆ ಬಿಳಿ, ಗುಲಾಬಿ, ಕೆಂಪು ವೈನುಗಳ ವ್ಯತ್ಯಾಸವನ್ನು ಬೇರೆ ಹೇಳಬೇಕಿಲ್ಲ. ಸಿಪ್ಪೆಯಿಂದ ಕೂಡಲೇ ಬೇರ್ಪಡಿಸಿದ ರಸ ಬಿಳಿಯಾಗಿ, ಕೆಲವು ಗಂಟೆ ಬಿಟ್ಟದ್ದು ಗುಲಾಬಿಯಾಗಿ, ದಿನಗಟ್ಟಲೆ ಸಿಪ್ಪೆಯೊಂದಿಗೇ ಹುದುಗಿದ್ದು ಕೆಂಪಾಗಿ ಲೋಟಕ್ಕೆ ಬರುತ್ತದೆ.

ಇನ್ನು ರುಚಿ ನೋಡುವ ಮೇಜು. ಸಾಮಾನ್ಯವಾಗಿ ಹಗುರವಾದ ಬಿಳಿಯಿಂದ ಶುರುವಾಗಿ ಗಾಢವಾದ ಕೆಂಪಿಗೆ, ಕೊನೆಗೆ ಸಿಹಿ ವೈನಿಗೆ ಬರುತ್ತಾರೆ, ಏಕೆಂದರೆ ಒಗರಿನ ಮೇಲೆ ನವಿರಾದದ್ದು ರುಚಿಸದು. ಲೋಟವನ್ನು ಅದರ ಕೆಳಗಿನ ತೆಳು ಕಡ್ಡಿಯ ಬಳಿ ಹಿಡಿಯಿರಿ, ಕೈಯ ಬಿಸಿ ತಾಗದಿರಲಿ. ಬಿಳಿ ಕಾಗದದ ಮೇಲೆ ಸ್ವಲ್ಪ ಓರೆ ಮಾಡಿ ಬಣ್ಣ ನೋಡಿ. ಲೋಟದ ಗೋಡೆಯ ಮೇಲೆ ಇಳಿಯುವ ಹನಿಗಳನ್ನು ತೋರಿಸಿ "ಇದು ಒಳ್ಳೆಯ ವೈನಿನ ಲಕ್ಷಣ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮದ್ಯಸಾರ ನೀರಿಗಿಂತ ಬೇಗ ಆವಿಯಾಗುವುದರಿಂದ ಆಗುವ ಚಿತ್ರವದು, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಲೋಟವನ್ನು ಮೇಜಿನ ಮೇಲೆಯೇ ಇಟ್ಟು ಮೆಲ್ಲನೆ ಸುತ್ತಿಸಿ, ಆಮೇಲೆ ಮೂಗನ್ನು ಒಳಗಿಟ್ಟು ಉಸಿರೆಳೆದುಕೊಳ್ಳಿ. ರುಚಿಯೆಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನ ಕೆಲಸ. ನೆಗಡಿಯಾದಾಗ ಸಾರೂ ಸಪ್ಪೆ ಅನಿಸುವುದು ಇದಕ್ಕೇ. ಆದ್ದರಿಂದಲೇ ಹೋಗುವ ದಿನ ಅತ್ತರು, ಸೆಂಟು ಬೇಡ ಎಂದು ನಾನು ಕೇಳಿಕೊಳ್ಳುತ್ತೇನೆ. ಮುಡಿಯಲ್ಲಿ ಮಲ್ಲಿಗೆಯಿದ್ದರೆ ಪಕ್ಕದವರ ಲೋಟದಲ್ಲೂ ಮಲ್ಲಿಗೆಯೇ ಕಾಣುತ್ತದೆ. ಎಲೆಯಡಿಕೆಯನ್ನೂ ಫಿಲ್ಟರ್ ಕಾಫಿಯನ್ನೂ ವೈನ್ ಮುಗಿದ ಮೇಲೆ ಇಟ್ಟುಕೊಳ್ಳಿ.

ಕಂಪಿನ ಮಾತಿಗೆ ಬಂದಾಗ ಅಳುಕು ಹೆಚ್ಚುತ್ತದೆ. ಸುರಿಯುವವರು ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಅವನ್ನು ತಿಂದಿರುವುದೇ ಇಲ್ಲ. ಎರಡು ವರ್ಷದ ಹಿಂದೆ ನನ್ನ ಅತ್ತಿಗೆಯನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದಾಗ ಆಕೆ ಶಿರಾಜನ್ನು ಮೂಸಿ, "ನೇರಳೆ ಹಣ್ಣಿನ ಹಾಗಿದೆ, ಹಿಂದೆ ಯಾರೋ ಕಾಳುಮೆಣಸು ಕುಟ್ಟಿದ ಹಾಗೆ" ಎಂದರು. ಅದಕ್ಕಿಂತ ಸರಿಯಾದ ಮಾತನ್ನು ಆ ದಿನ ಅಲ್ಲಿ ಬೇರಾರೂ ಆಡಲಿಲ್ಲ. ಶಿರಾಜಿನಲ್ಲಿ ಕಾಣುವ ಮೆಣಸಿನ ಕಂಪಿಗೆ ಕಾರಣ ರೊಟಂಡೋನ್ ಎಂಬ ವಸ್ತು. ನಮ್ಮ ಕಾಳುಮೆಣಸಿನ ಘಮದಲ್ಲಿ ಇರುವುದೂ ಅದೇ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಪ್ರಕಟಿಸಿದಾಗ, ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ ಎಂದೂ ಕಂಡುಕೊಂಡರು. ನಿಮಗೆ ಕಾಣದ್ದು ಪಕ್ಕದವರಿಗೆ ಕಂಡರೆ ನಿಮ್ಮಲ್ಲಿ ಕೊರತೆಯಿದೆ ಎಂದುಕೊಳ್ಳಬೇಕಾಗಿಲ್ಲ. ಸೋವಿನ್ಯಾಂ ಬ್ಲಾಂನಲ್ಲಿ ಕತ್ತರಿಸಿದ ದೊಣ್ಣೆ ಮೆಣಸಿನಕಾಯಿಯ ವಾಸನೆ ಬಂದರೆ ಧೈರ್ಯವಾಗಿ ಹೇಳಿ, ಏಕೆಂದರೆ ಎರಡರಲ್ಲೂ ಪಿರಜೀನ್ ಎಂಬ ಒಂದೇ ವಸ್ತುವಿದೆ. ಅದೇ ಲೋಟದಲ್ಲಿ ಸೀಬೆ ಹಣ್ಣೂ ಕಾಣಬಹುದು. 225 ಲೀಟರಿನ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇದ್ದ ಕೆಂಪಿನಲ್ಲಿ ಲವಂಗ ಕಂಡರೆ ಅದೂ ಭ್ರಮೆಯಲ್ಲ. ಲವಂಗದ ಮುಖ್ಯ ಕಂಪಾದ ಯುಜೆನಾಲ್ ಓಕ್ ಮರದಿಂದಲೂ ವೈನಿಗಿಳಿಯುತ್ತದೆ. ನಮ್ಮ ಸಾಂಬಾರ ಡಬ್ಬಿಯ ಮುಂದೆ ಬೆಳೆದವರಿಗೆ ಈ ಕೆಲಸದಲ್ಲಿ ಮುಂಗಡ ಅಭ್ಯಾಸವಾಗಿರುತ್ತದೆ ಎಂದು ನಾನು ಮನಸಾರೆ ನಂಬುತ್ತೇನೆ.

ಗುಟುಕನ್ನು ತಕ್ಷಣ ನುಂಗದೆ ಬಾಯೆಲ್ಲ ಆಡಿಸಿ. ಹುಳಿಯಿದ್ದರೆ ದವಡೆಯ ಬದಿಯಲ್ಲಿ ನೀರೂರುತ್ತದೆ, ಒಗರಿದ್ದರೆ ಒಸಡು ಬಿಗಿಯುತ್ತದೆ. ಹೀಗೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿದರೆ ಮೊದಲ ದಿನಕ್ಕೆ ಅದೇ ದೊಡ್ಡದು. ತಟ್ಟೆಯಲ್ಲಿ ಚೀಸ್ ಇಟ್ಟಿದ್ದರೆ ಒಂದು ಪ್ರಯೋಗ ಮಾಡಿ: ಕೆಂಪು ವೈನ್ ಒಂದು ಗುಟುಕು, ಒಂದು ತುಂಡು ಚೀಸ್, ಮತ್ತೆ ಒಂದು ಗುಟುಕು. ಎರಡನೆಯ ಸಲ ಒಗರು ಮೆತ್ತಗಾಗಿರುತ್ತದೆ, ಏಕೆಂದರೆ ಟ್ಯಾನಿನ್ನಿಗೆ ಅಂಟಿಕೊಳ್ಳಲು ಚೀಸಿನ ಪ್ರೋಟೀನು ಸಿಕ್ಕಿದೆ. ಖಾರದ ಕೋಡುಬಳೆಯೊಂದಿಗೆ ಇದೇ ಪ್ರಯೋಗ ಮಾಡಿದರೆ ಉಲ್ಟಾ ಆಗುತ್ತದೆ, ಒಗರೂ ಮದ್ಯಸಾರದ ಉರಿಯೂ ಏರುತ್ತವೆ.

ಮೇಜಿನ ಮೇಲೆ ಇಟ್ಟಿರುವ ಪಾತ್ರೆ ಉಗುಳುವುದಕ್ಕಾಗಿಯೇ ಇರುವುದು. ನಮಗೆ ಇದು ಅಸಭ್ಯವೆನಿಸುತ್ತದೆ, ಆದರೆ ಅಲ್ಲಿ ಇದು ಪದ್ಧತಿ, ಯಾರೂ ತಪ್ಪು ತಿಳಿಯುವುದಿಲ್ಲ. ನಲವತ್ತು ಮಿಲಿಲೀಟರಿನಂತೆ ಐದು ವೈನ್ ಎಂದರೆ 200 ಮಿಲಿಲೀಟರ್ ಆಯಿತು, ಒಂದು ತುಂಬು ಲೋಟಕ್ಕಿಂತ ಹೆಚ್ಚು. ಹೊಟ್ಟೆಗೆ ಮೊದಲೇ ಏನಾದರೂ ಹಾಕಿಕೊಂಡಿರಿ, ನಡುನಡುವೆ ನೀರು ಕುಡಿಯಿರಿ. ಗಾಡಿ ಓಡಿಸುವವರು ರುಚಿ ನೋಡುವುದೇ ಬೇಡ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬುದು ಕಾನೂನಿನ ಮಿತಿ, ಆ ರಸ್ತೆಯಲ್ಲಿ ಭಾನುವಾರ ಸಂಜೆ ಎಷ್ಟು ವಾಹನ ಇರುತ್ತದೆಂಬುದು ಹೋದವರಿಗೆಲ್ಲ ಗೊತ್ತು. ಬಾಡಿಗೆ ಗಾಡಿಗೆ ಕೊಡುವ ಹಣವನ್ನೂ ಟಿಕೆಟ್ಟಿನ ಭಾಗವೆಂದೇ ಲೆಕ್ಕ ಹಾಕಿ. ಕುಡಿಯದವರು, ಗರ್ಭಿಣಿಯರು, ಔಷಧ ತೆಗೆದುಕೊಳ್ಳುತ್ತಿರುವವರು ತೋಟ ಮತ್ತು ನೆಲಮಾಳಿಗೆ ನೋಡಿ, ಮೂಸಿ, ಸಂತೋಷವಾಗಿ ಬರಬಹುದು. ವೈನ್ ಆರೋಗ್ಯಕ್ಕೆ ಒಳ್ಳೆಯದೆಂದು ಯಾರನ್ನೂ ಒತ್ತಾಯಿಸಬೇಡಿ, ಅದು ನಿಜವಲ್ಲ.

ಸುರಿದದ್ದೆಲ್ಲ ಚೆನ್ನಾಗಿರಲೇಬೇಕೆಂದಿಲ್ಲ. ಒಮ್ಮೆ ಒಂದು ಕಡೆ ನನಗೆ ಕೊಟ್ಟ ಬಿಳಿ ವೈನು ಕೊಯ್ದಿಟ್ಟು ಕಂದಾದ ಸೇಬಿನಂತೆ ನಾರುತ್ತಿತ್ತು. ಹಿಂದಿನ ವಾರ ತೆರೆದ ಬಾಟಲಿ ಎಂದು ಆಮೇಲೆ ಗೊತ್ತಾಯಿತು. "ಇದನ್ನು ಯಾವಾಗ ತೆರೆದಿರಿ?" ಎಂದು ಮೆತ್ತಗೆ ಕೇಳುವ ಹಕ್ಕು ಹಣ ಕೊಟ್ಟ ಎಲ್ಲರಿಗೂ ಇದೆ. ನಾನು ಕೇಳಿದೆ, ಅವರು ಹೊಸದನ್ನು ತೆರೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿದ್ದೇ ಆ ದಿನದ ಒಳ್ಳೆಯ ಪಾಠವಾಯಿತು.

ಬಾಟಲಿ ಕೊಳ್ಳುವುದಾದರೆ ಬೆಲೆ ನೋಡುವ ಮೊದಲು, ಯಾವುದನ್ನು ಇನ್ನೊಂದು ಗುಟುಕು ಕುಡಿಯಬೇಕೆನಿಸಿತೋ ಅದನ್ನು ನೆನಪಿಸಿಕೊಳ್ಳಿ. ಕೊಂಡ ಮೇಲೆ ಕಾರಿನ ಡಿಕ್ಕಿಯಲ್ಲಿಟ್ಟು ಬೆಟ್ಟ ನೋಡಲು ಹೋಗಬೇಡಿ. ಏಪ್ರಿಲ್ ಬಿಸಿಲಿನಲ್ಲಿ ನಾನು ಹಾಗೆ ಎರಡು ಬಾಟಲಿ ಕಳೆದುಕೊಂಡಿದ್ದೇನೆ, ಬಿರಡೆ ಮೇಲೆದ್ದು ಒಳಗಿನದು ಬೇಯಿಸಿದ ಒಣದ್ರಾಕ್ಷಿಯ ವಾಸನೆಯಾಗಿತ್ತು. ಮನೆಗೆ ತಂದು ಮಲಗಿಸಿ, ಬೆಳಕು ಬೀಳದ ತಂಪು ಮೂಲೆಯಲ್ಲಿಡಿ. ನಮ್ಮ ಬೇಸಿಗೆಯಲ್ಲಿ ಕೆಂಪು ವೈನನ್ನೂ ಕುಡಿಯುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಯ ಹತ್ತಿರಕ್ಕೆ ತನ್ನಿ. ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಬಿರಡೆ ಹಾಕಿ ಮತ್ತೆ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಎರಡನೆಯ ದಿನ ಅದರ ಒಗರು ಎಷ್ಟು ಮೆತ್ತಗಾಗಿದೆ ಎಂದು ಮರೆಯದೆ ಗಮನಿಸಿ.